ಕುದಿಯುವ ನೀರು, ಬೇಯದ ಬೇಳೆ

ಸಂಕ್ರಾಂತಿ ಕಳೆದ ಮರುವಾರ ನನಗೊಂದು ಪತ್ರ ಬಂದಿತು. ಬರೆದವನು ನನ್ನ ಹಳೆಯ ವಿದ್ಯಾರ್ಥಿ. ಬ್ಯಾಂಕಿನ ಕೆಲಸದ ಮೇಲೆ ಲಡಾಖಿನ ಲೇಹ್ ಪಟ್ಟಣಕ್ಕೆ ವರ್ಗವಾಗಿ ಹೋಗಿ, ಅಲ್ಲಿನ ಮನೆಯೊಂದರಲ್ಲಿ ಕೋಣೆ ಹಿಡಿದಿದ್ದಾನೆ. ಹಬ್ಬದ ದಿನ ಊರಿನ ನೆನಪಾಗಿ ತೊಗರಿಬೇಳೆಯ ಸಾರು ಮಾಡಲು ಹೊರಟನಂತೆ. ಕುಕ್ಕರಿನ ರಬ್ಬರು ಉಂಗುರ ಹರಿದುಹೋಗಿದ್ದುದರಿಂದ ಬೇಳೆಯನ್ನು ತೆರೆದ ಪಾತ್ರೆಯಲ್ಲಿಯೇ ಮನೆಯವರ ಒಲೆಯ ಮೇಲಿಟ್ಟ. ನೀರು ಬೇಗನೆ ಕುದಿ ಹಿಡಿಯಿತು. ಕೊತಕೊತನೆ ಕುದಿಯುತ್ತಲೇ ಇತ್ತು. ಒಂದು ಗಂಟೆ ಕಳೆದರೂ ಬೇಳೆ ಹರಳಿನಂತೆಯೇ ಉಳಿಯಿತು. ಉರಿ ಸಾಲದೆಂದು ಬಗೆದು ಅವನು ಮತ್ತಷ್ಟು ಸೌದೆ ತುರುಕಿದ. ಆ ಮನೆಯ ಅಜ್ಜಿ (ಅಲ್ಲಿಯವರು ಅಜ್ಜಿಯನ್ನು ಗೌರವದಿಂದ ‘ಅಬಿ-ಲೇ’ ಎಂದು ಕರೆಯುತ್ತಾರೆ) ಸೌದೆ ದಂಡವಾಗುವುದನ್ನು ನೋಡಲಾರದೆ ಬಂದು ಉರಿಯನ್ನು ತಗ್ಗಿಸಿ, ತಮ್ಮ ಪಾತ್ರೆಯಿಂದ ಒಂದು ಬಟ್ಟಲು ‘ಸ್ಕ್ಯು’ ಬಡಿಸಿ ಅವನ ಮುಂದಿಟ್ಟರಂತೆ. “ಸಾರ್, ಒಲೆ ಒಂದೇ, ನೀರು ಒಂದೇ. ಅವರ ಹಿಟ್ಟು ಅರ್ಧ ಗಂಟೆಯೊಳಗೆ ಬೆಂದಿತ್ತು, ನನ್ನ ಬೇಳೆ ಬೇಯಲಿಲ್ಲ. ಇದೇಕೆ?” ಎಂಬುದು ಅವನ ಪ್ರಶ್ನೆ.

ಅವನಿಗೆ ಬರೆದ ಉತ್ತರವನ್ನೇ ಕೊಂಚ ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇನೆ.

ಲೇಹ್ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು ೩,೫೦೦ ಮೀಟರ್ ಎತ್ತರದಲ್ಲಿದೆ. ಜನವರಿಯ ರಾತ್ರಿಗಳಲ್ಲಿ ಅಲ್ಲಿನ ಉಷ್ಣತೆ ಸೊನ್ನೆಗಿಂತ ೧೫ ಡಿಗ್ರಿ ಕೆಳಕ್ಕೆ ಇಳಿಯುವುದು ಸಾಮಾನ್ಯ. ೨೦ ಡಿಗ್ರಿಯನ್ನು ದಾಟುವುದೂ ಉಂಟು. ಕಾಶ್ಮೀರದಿಂದ ಬರುವ ಹಾದಿಯಲ್ಲಿರುವ ಜೋಜಿ ಲಾ ಕಣಿವೆಯು ಹಿಮದಲ್ಲಿ ಹೂತುಹೋಗುತ್ತದೆ. ಈಗ ಯಂತ್ರಗಳಿಂದ ಹಿಮವನ್ನು ಸರಿಸಿ ಹಿಂದಿಗಿಂತ ಹೆಚ್ಚು ದಿನ ಹಾದಿಯನ್ನು ತೆರೆದಿಡುತ್ತಾರಾದರೂ, ಬೇಸಗೆಯಲ್ಲಿಯೇ ಚಳಿಗಾಲಕ್ಕೆ ಕೂಡಿಡುವ ರೂಢಿ ಅಲ್ಲಿನ ಮನೆಗಳಲ್ಲಿ ಹೋಗಿಲ್ಲ. ಆಲೂಗಡ್ಡೆ, ಮೂಲಂಗಿ, ಗಜ್ಜರಿಗಳನ್ನು ನೆಲದೊಳಗಿನ ಗುಂಡಿಗಳಲ್ಲಿ ಹೂಳುತ್ತಾರೆ. ಮಣ್ಣು ಶಾಖವನ್ನು ಸುಲಭವಾಗಿ ಹಾಯಗೊಡದ ವಸ್ತುವಾದುದರಿಂದ ಮೇಲಿನ ಕೊರೆತ ಆಳಕ್ಕೆ ಬೇಗ ಮುಟ್ಟುವುದಿಲ್ಲ. ಸೊಪ್ಪನ್ನೂ ಜರದಾಳು ಹಣ್ಣನ್ನೂ ಒಣಗಿಸುತ್ತಾರೆ. ಮರಗಳು ವಿರಳವಾದ ಆ ನಾಡಿನಲ್ಲಿ ಪೋಪ್ಲಾರ್ ಮತ್ತು ವಿಲ್ಲೋ ಮರಗಳ ಕೊಂಬೆ, ಒಣಗಿದ ಸಗಣಿ, ಕುರುಚಲು ಗಿಡ ಇವೇ ಹಿಂದಿನಿಂದ ಬಂದ ಉರುವಲು. ಅಡುಗೆಯ ಒಲೆಯೇ ಮನೆಯವರೆಲ್ಲರೂ ಸುತ್ತ ಕುಳಿತು ಚಳಿ ಕಾಯಿಸಿಕೊಳ್ಳುವ ಒಲೆ. ಅಬಿ-ಲೇಯವರಿಗೆ ಸೌದೆಯ ಲೆಕ್ಕ ಏಕೆ ಅಷ್ಟು ಕಟ್ಟುನಿಟ್ಟಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ಬೇಳೆಯ ವಿಷಯ. ಕುದಿಯುವುದೆಂದರೇನು? ನೀರಿನ ಆವಿಯ ಒತ್ತಡವು ಹೊರಗಿನ ವಾಯುವಿನ ಒತ್ತಡಕ್ಕೆ ಸಮನಾದಾಗ ನೀರಿನ ಒಡಲಿನಲ್ಲೆಲ್ಲ ಗುಳ್ಳೆಗಳು ಏಳತೊಡಗುತ್ತವೆ, ಅದೇ ಕುದಿ. ಹೊರಗಿನ ಒತ್ತಡ ಕಡಿಮೆಯಾದಂತೆ ಈ ಸಮತೆ ಕಡಿಮೆ ಉಷ್ಣತೆಯಲ್ಲಿಯೇ ಒದಗುತ್ತದೆ. ಸಮುದ್ರತೀರದಲ್ಲಿ ವಾಯುವಿನ ಒತ್ತಡ ೭೬೦ ಮಿಲಿಮೀಟರ್ ಪಾದರಸದಷ್ಟು. ಅಲ್ಲಿ ನೀರು ಕುದಿಯುವುದು ೧೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ. ಬೆಂಗಳೂರಿನಲ್ಲಿ ಒತ್ತಡ ಸುಮಾರು ೬೮೦ ಮಿಲಿಮೀಟರ್, ಕುದಿಬಿಂದು ಸುಮಾರು ೯೭ ಡಿಗ್ರಿ. ಲೇಹದಲ್ಲಿ ಒತ್ತಡ ೪೯೦ರ ಆಸುಪಾಸಿಗೆ ಇಳಿದಿರುವುದರಿಂದ ನೀರು ೮೮ ಡಿಗ್ರಿಗೇ ಕುದಿದುಬಿಡುತ್ತದೆ. ಇನ್ನೂ ಮೇಲೆ, ೪,೫೦೦ ಮೀಟರ್ ಎತ್ತರದ ತ್ಸೋ ಮೋರಿರಿ ಸರೋವರದ ದಡದಲ್ಲಿ, ೮೫ ಡಿಗ್ರಿ ಸಾಕು. ಒಮ್ಮೆ ಕುದಿ ಹಿಡಿದ ಮೇಲೆ ಎಷ್ಟು ಉರಿ ಹಾಕಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು. ಹೆಚ್ಚಿನ ಶಾಖವೆಲ್ಲ ಆವಿಯ ರೂಪದಲ್ಲಿ ಹೊರಟುಹೋಗುತ್ತದೆ. ನನ್ನ ಶಿಷ್ಯ ಮರೆತದ್ದು ಇದನ್ನೇ. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಸರಿಯಾದ ಉತ್ತರ ಬರೆದವನೇ ಅವನು!

ಇಂಥ ಅನುಭವ ಅವನೊಬ್ಬನದೇ ಅಲ್ಲ. ೧೮೩೫ರ ಮಾರ್ಚ್ ತಿಂಗಳಲ್ಲಿ ಚಾರ್ಲ್ಸ್ ಡಾರ್ವಿನ್ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳನ್ನು ದಾಟುತ್ತಿದ್ದಾಗ, ಅವನ ಸಂಗಡಿಗರು ರಾತ್ರಿಯಿಡೀ ಒಲೆಯ ಮೇಲೆ ಬಿಟ್ಟಿದ್ದ ಆಲೂಗಡ್ಡೆ ಬೆಳಗಾದರೂ ಬೇಯಲಿಲ್ಲ. ಹೊಸದಾಗಿ ತಂದ ಆ ಪಾತ್ರೆಗೆ ಆಲೂಗಡ್ಡೆ ಬೇಯಿಸುವ ಮನಸ್ಸಿಲ್ಲವೆಂದು ಅವರು ತೀರ್ಮಾನಿಸಿದರಂತೆ. ಡಾರ್ವಿನ್ನನೇ ತನ್ನ ಪ್ರವಾಸದ ಪುಸ್ತಕದಲ್ಲಿ ಇದನ್ನು ಹೇಳಿದ್ದಾನೆ.

ಹಾಗಾದರೆ ಅದೇ ೮೮ ಡಿಗ್ರಿಯ ನೀರಿನಲ್ಲಿ ಅಬಿ-ಲೇಯವರ ಸ್ಕ್ಯು ಬೆಂದದ್ದು ಹೇಗೆ? ‘ಬೇಯುವುದು’ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಬೇರೆ ಬೇರೆ ಕ್ರಿಯೆಗಳನ್ನು ಸೇರಿಸಿಬಿಟ್ಟಿದ್ದೇವೆ. ಹಿಟ್ಟು ಬೇಯುವುದೆಂದರೆ ಮುಖ್ಯವಾಗಿ ಅದರಲ್ಲಿನ ಪಿಷ್ಟದ ಕಣಗಳು ನೀರನ್ನು ಹೀರಿ ಉಬ್ಬಿ ಅಂಬಲಿಯಂತಾಗುವುದು. ಗೋಧಿಯ ಪಿಷ್ಟಕ್ಕೆ ಇದು ಸುಮಾರು ೬೦-೬೫ ಡಿಗ್ರಿಯಲ್ಲಿಯೇ ನಡೆಯುತ್ತದೆ. ೮೮ ಡಿಗ್ರಿಯ ನೀರು ಅದಕ್ಕೆ ಧಾರಾಳವಾಯಿತು. ಬೇಳೆಯ ವಿಷಯ ಹಾಗಲ್ಲ. ಅದರ ಜೀವಕೋಶಗಳನ್ನು ಪೆಕ್ಟಿನ್ ಎಂಬ ಅಂಟು ಒಂದಕ್ಕೊಂದು ಬಿಗಿದಿರುತ್ತದೆ. ಈ ಅಂಟು ಕರಗಿ ಕೋಶಗಳು ಬಿಡಿಬಿಡಿಯಾದಾಗಲೇ ಬೇಳೆ ಕರಗಿತೆನ್ನುತ್ತೇವೆ. ಇದು ನಿಧಾನವಾದ ರಸಾಯನ ಕ್ರಿಯೆ. ಇಂಥ ಕ್ರಿಯೆಗಳ ವೇಗ ಉಷ್ಣತೆ ೧೦ ಡಿಗ್ರಿ ಇಳಿದರೆ ಸುಮಾರಾಗಿ ಅರ್ಧಕ್ಕೆ ಇಳಿಯುತ್ತದೆಂಬುದು ರಸಾಯನಶಾಸ್ತ್ರದ ಒಂದು ಸ್ಥೂಲ ನಿಯಮ. ಕಾಳುಬೇಳೆಗಳಲ್ಲಿ ಅದಕ್ಕಿಂತಲೂ ಹೆಚ್ಚು ಕುಗ್ಗುವುದುಂಟು. ಬೆಂಗಳೂರಿನಲ್ಲಿ ಮುಕ್ಕಾಲು ಗಂಟೆ ಬೇಡುವ ಬೇಳೆ ಲೇಹದಲ್ಲಿ ಒಂದೂವರೆ ಗಂಟೆಯನ್ನೋ ಎರಡು ಗಂಟೆಯನ್ನೋ ಬೇಡಿದರೆ ಆಶ್ಚರ್ಯವಿಲ್ಲ. ಬೇಳೆ ಹಳೆಯದಾಗಿದ್ದರಂತೂ ಹೇಳುವುದೇ ಬೇಡ.

ಈ ದೃಷ್ಟಿಯಿಂದ ಲಡಾಖಿನ ಅಡುಗೆಯನ್ನು ನೋಡಿದರೆ ಬಹಳ ಸ್ವಾರಸ್ಯವಾಗಿದೆ. ಸ್ಕ್ಯು ಎಂದರೆ ಗೋಧಿಯ ಹಿಟ್ಟನ್ನು ಕಲಸಿ, ಸಣ್ಣ ಸಣ್ಣ ಉಂಡೆಗಳನ್ನು ಹೆಬ್ಬೆರಳಿನಿಂದ ಒತ್ತಿ ಪುಟ್ಟ ಟೊಪ್ಪಿಗೆಯಂತೆ ಮಾಡಿ, ಗಡ್ಡೆಗೆಣಸು ತರಕಾರಿಗಳೊಡನೆಯೋ ಮಾಂಸದೊಡನೆಯೋ ಬೇಯಿಸುವ ಗಟ್ಟಿಯಾದ ಸಾರು. ಹೆಬ್ಬೆರಳಿನ ಆ ಒತ್ತು ಬರಿಯ ಅಂದಕ್ಕಲ್ಲ. ಉಂಡೆಯ ನಡುವೆ ತೆಳುವಾದುದರಿಂದ ಶಾಖ ಒಳಗೆ ಹೋಗಬೇಕಾದ ದೂರ ಕಡಿಮೆಯಾಗುತ್ತದೆ. ದೂರ ಅರ್ಧವಾದರೆ ಶಾಖ ಒಳಸೇರುವ ಕಾಲ ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ‘ಥುಕ್ಪಾ’ ಎಂಬ ಸಾರಿನ ಎಳೆಗಳಿಗೂ, ಚಿಟ್ಟೆಯ ಆಕಾರದಲ್ಲಿ ಹಿಸುಕಿದ ‘ಛುತಗಿ’ಯ ಹಿಟ್ಟಿಗೂ ಇದೇ ಮಾತು ಸಲ್ಲುತ್ತದೆ.

ಇದಕ್ಕಿಂತಲೂ ಜಾಣತನದ ಉಪಾಯ ಇನ್ನೊಂದಿದೆ: ಬೇಯಿಸದೆ ಹುರಿಯುವುದು. ಕುದಿಯುವ ಪಾತ್ರೆಯಲ್ಲಿ ನೀರು ಉಷ್ಣತೆಗೆ ಒಂದು ಎಲ್ಲೆ ಹಾಕುತ್ತದೆ. ಹುರಿಯುವ ಬಾಣಲೆಗೆ ಆ ಎಲ್ಲೆಯಿಲ್ಲ. ಬೆಟ್ಟ ಎಷ್ಟೇ ಎತ್ತರವಾಗಿರಲಿ, ಬಾಣಲೆಯ ಉಷ್ಣತೆ ೧೫೦ ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಲಡಾಖಿನವರು ಬಾರ್ಲಿಯನ್ನು ಹುರಿದು, ನೀರಿನ ಬೀಸುವ ಕಲ್ಲಿನಲ್ಲಿ ಬೀಸಿ ‘ಙಂಫೆ’ ಎಂಬ ಹಿಟ್ಟು ಮಾಡಿಡುತ್ತಾರೆ. ಬಟಾಣಿಯನ್ನೂ ಹಾಗೆಯೇ ಹುರಿದು ಬೀಸುತ್ತಾರೆ. ನಮ್ಮ ರಾಗಿ ಹುರಿಹಿಟ್ಟಿನ ಅಣ್ಣತಮ್ಮನೆಂದೇ ಇದನ್ನು ಹೇಳಬಹುದು. ಙಂಫೆಯನ್ನು ಬಿಸಿ ಚಹದಲ್ಲಿ ಕಲಸಿ ಉಂಡೆ ಕಟ್ಟಿದರೆ ‘ಖೋಲಕ್’ ಆಯಿತು. ಒಲೆ ಹೊತ್ತಿಸುವ ಕೆಲಸವೇ ಇಲ್ಲ. ಬಾರ್ಲಿ ಬಟಾಣಿಗಳ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವಿ ಮುದ್ದೆ ಮಾಡಿದರೆ ಅದು ‘ಪಾಬಾ’. ಹಾಸನ ಮಂಡ್ಯಗಳ ಕಡೆಯವರು ನೋಡಿದರೆ, ಬಣ್ಣವೊಂದು ಬಿಟ್ಟು, ಇದು ನಮ್ಮ ಮುದ್ದೆಯೇ ಎಂದಾರು. ಕಾಳಿನ ಪುಷ್ಟಿ ಬೇಕು, ಆದರೆ ಕಾಳು ಬೇಯದು. ಹುರಿದು ಪುಡಿಮಾಡಿದರೆ ಕೋಶಗಳ ಬಿಗಿತವನ್ನು ಬೀಸುವ ಕಲ್ಲೇ ಮುರಿದುಕೊಡುತ್ತದೆ. ನೀರಿಗೆ ಉಳಿಯುವುದು ಹಿಟ್ಟನ್ನು ನೆನೆಸುವ ಕೆಲಸವೊಂದೇ.

ಈಗ ಉರುವಲಿನ ಲೆಕ್ಕಕ್ಕೆ ಬರೋಣ. ೫ ಡಿಗ್ರಿಯ ಒಂದು ಗ್ರಾಂ ನೀರನ್ನು ೮೮ ಡಿಗ್ರಿಗೆ ಏರಿಸಲು ೮೩ ಕ್ಯಾಲೊರಿ ಶಾಖ ಬೇಕು. ಆದರೆ ಚಳಿಗಾಲದಲ್ಲಿ ನಲ್ಲಿಗಳು ಹೆಪ್ಪುಗಟ್ಟಿರುತ್ತವೆ; ಎಷ್ಟೋ ಸಲ ಒಲೆಗೇರುವುದು ಮಂಜುಗಡ್ಡೆ. ಸೊನ್ನೆಗಿಂತ ೧೦ ಡಿಗ್ರಿ ಕೆಳಗಿರುವ ಒಂದು ಗ್ರಾಂ ಗಡ್ಡೆಯನ್ನು ಸೊನ್ನೆಗೆ ತರಲು ೫, ಕರಗಿಸಲು ೮೦, ಮುಂದೆ ಕುದಿಸಲು ೮೮, ಒಟ್ಟು ೧೭೩ ಕ್ಯಾಲೊರಿ. ಅಂದರೆ ಸೌದೆ ಎರಡು ಪಟ್ಟಿಗಿಂತ ಹೆಚ್ಚು. ಕುದಿಯುತ್ತಿರುವ ನೀರಿನ ಒಂದು ಗ್ರಾಂ ಆವಿಯಾಗಿ ಹೋದರೆ ಅದರೊಡನೆ ಸುಮಾರು ೫೫೦ ಕ್ಯಾಲೊರಿ ಹೊರಟುಹೋಗುತ್ತದೆ. ಒಂದು ಲೀಟರ್ ನೀರನ್ನು ಹೀಗೆ ಕುದಿಸಿ ಕಳೆದವನು, ಆರೂವರೆ ಲೀಟರ್ ತಣ್ಣೀರನ್ನು ಕುದಿಗೆ ತರಬಲ್ಲ ಶಾಖವನ್ನು ಗಾಳಿಗೆ ತೂರಿದನೆಂದೇ ಲೆಕ್ಕ. ಕುದಿ ಹಿಡಿದೊಡನೆ ಉರಿ ತಗ್ಗಿಸಿ ಮುಚ್ಚಳ ಮುಚ್ಚುವುದು ಈ ಕಾರಣದಿಂದಲೇ ಸರಿ. ಸ್ಕ್ಯುವಿನ ಪಾತ್ರೆಯನ್ನಾದರೆ ಕುದಿ ಬಂದ ಮೇಲೆ ಕಂಬಳಿಯಲ್ಲಿ ಸುತ್ತಿಟ್ಟರೂ ನಡೆದೀತು. ಅದು ೬೫ ಡಿಗ್ರಿಗೆ ಇಳಿಯುವಷ್ಟರಲ್ಲಿ ಹಿಟ್ಟು ಬೆಂದಿರುತ್ತದೆ. ಬೇಳೆಗೆ ಈ ಉಪಾಯ ಸಾಗದು.

ಬೇಳೆಗೆ ತಕ್ಕ ಮದ್ದು ಒತ್ತಡದ ಪಾತ್ರೆ, ಎಂದರೆ ಕುಕ್ಕರು. ಇದರ ಮೂಲರೂಪವನ್ನು ೧೬೭೯ರಲ್ಲಿ ಡೆನಿಸ್ ಪ್ಯಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ಪ್ರದರ್ಶಿಸಿದನು. ಕುಕ್ಕರಿನ ಮೇಲಿನ ತೂಕವು ಹೊರಗಿನ ಒತ್ತಡಕ್ಕಿಂತ ಸುಮಾರು ಒಂದು ವಾಯುಮಂಡಲದಷ್ಟು ಹೆಚ್ಚು ಒತ್ತಡವನ್ನು ಒಳಗೆ ಹಿಡಿದಿಡುತ್ತದೆ. ಸಮುದ್ರತೀರದಲ್ಲಿ ಒಳಗಿನ ಒತ್ತಡ ಎರಡು ವಾಯುಮಂಡಲದಷ್ಟಾಗಿ ನೀರು ೧೨೦ ಡಿಗ್ರಿಗೆ ಏರುತ್ತದೆ. ಲೇಹದಲ್ಲಿ ಹೊರಗಿನ ಒತ್ತಡವೇ ಸುಮಾರು ೦.೬೫ ಆದುದರಿಂದ ಒಳಗೆ ದೊರೆಯುವುದು ೧.೬೫, ಉಷ್ಣತೆ ಸುಮಾರು ೧೧೪ ಡಿಗ್ರಿ. ಇಲ್ಲಿಗಿಂತ ಒಂದೆರಡು ಸೀಟಿ ಹೆಚ್ಚು ಬೇಕಾದೀತು. ಆದರೂ ತೆರೆದ ಪಾತ್ರೆಗೆ ಹೋಲಿಸಿದರೆ ಸಮುದ್ರತೀರದಲ್ಲಿ ಕುಕ್ಕರು ಗಳಿಸಿಕೊಡುವುದು ೨೦ ಡಿಗ್ರಿ, ಲೇಹದಲ್ಲಿ ೨೬! ಹರಿದ ರಬ್ಬರು ಉಂಗುರ ಊರಿನಲ್ಲಿ ಸಣ್ಣ ತೊಂದರೆ. ಅಲ್ಲಿ ಅದು ದೊಡ್ಡದು.

ಶಿಷ್ಯನ ಪತ್ರದಲ್ಲಿ ಇನ್ನೊಂದು ಮಾತಿತ್ತು. ಬಿಸಿ ಸ್ಕ್ಯು ಗಂಟಲಿಗಿಳಿದೊಡನೆ ಮೈಯೆಲ್ಲ ಬೆಚ್ಚಗಾಯಿತು ಎಂದು ಬರೆದಿದ್ದ. ಇದು ಎಷ್ಟರಮಟ್ಟಿಗೆ ನಿಜ? ೩೦೦ ಗ್ರಾಂ ಸಾರು ೬೦ ಡಿಗ್ರಿಯಿಂದ ದೇಹದ ೩೭ ಡಿಗ್ರಿಗೆ ಇಳಿಯುವಾಗ ಬಿಟ್ಟುಕೊಡುವ ಶಾಖ ೬,೯೦೦ ಕ್ಯಾಲೊರಿ, ಎಂದರೆ ಸುಮಾರು ೭ ಕಿಲೋಕ್ಯಾಲೊರಿ. ಸುಮ್ಮನೆ ಕುಳಿತ ಮನುಷ್ಯನ ದೇಹ ಐದಾರು ನಿಮಿಷಗಳಲ್ಲಿ ಹೊರಸೂಸುವ ಶಾಖ ಅಷ್ಟೇ. ಒಂದೇ ಒಂದು ಗ್ರಾಂ ಬೆಣ್ಣೆ ದೇಹದಲ್ಲಿ ಉರಿದರೂ ಅಷ್ಟು ಶಾಖ ಹುಟ್ಟುತ್ತದೆ. ಅದೇ ಬಟ್ಟಲಿನಲ್ಲಿರುವ ೧೦೦ ಗ್ರಾಂ ಗೋಧಿಹಿಟ್ಟು ೩೪೦ ಕಿಲೋಕ್ಯಾಲೊರಿಯಷ್ಟನ್ನು ಕೊಡಬಲ್ಲದು. ದೇಹವನ್ನು ರಾತ್ರಿಯಿಡೀ ಕಾಯುವುದು ಸಾರಿನ ಬಿಸಿಯಲ್ಲ, ಸಾರಿನೊಳಗಿನ ಹಿಟ್ಟು ಮತ್ತು ಜಿಡ್ಡು. ಹಾಗೆಂದು ಆ ನೆಮ್ಮದಿಯನ್ನು ಬರಿಯ ಭ್ರಮೆ ಎನ್ನಲಾಗದು. ಬಟ್ಟಲನ್ನು ತಬ್ಬಿದ ಬೆರಳುಗಳಿಗೆ ನೇರವಾಗಿ ಶಾಖ ಮುಟ್ಟುತ್ತದೆ. ಮುಖಕ್ಕೆ ತಾಗಿದ ಆವಿ ಅಲ್ಲಿ ನೀರಾಗುವಾಗ ತನ್ನ ಗುಪ್ತೋಷ್ಣವನ್ನು ಚರ್ಮಕ್ಕೆ ಕೊಡುತ್ತದೆ. ಬಾಯಿ ಗಂಟಲುಗಳಲ್ಲಿ ಬಿಸಿಯನ್ನರಿಯುವ ನರಗಳಿವೆ. ಒಣ ಹವೆಯಲ್ಲಿ ಪ್ರತಿಯೊಂದು ಉಸಿರಿನೊಡನೆಯೂ ಕಳೆದುಹೋಗುವ ನೀರನ್ನು ಸಾರು ತುಂಬಿಕೊಡುತ್ತದೆ.

ಬೆಣ್ಣೆ, ಉಪ್ಪು ಹಾಕಿ ಮರದ ಕೊಳವೆಯಲ್ಲಿ ಕಡೆದು ಮಾಡುವ ‘ಗುರ್‌ಗುರ್ ಚಾ’ದ ಹಿರಿಮೆ ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಬಟ್ಟಲಿಗೆ ೧೦ ಗ್ರಾಂ ಬೆಣ್ಣೆ ಬಿದ್ದರೆ ೭೦ ಕಿಲೋಕ್ಯಾಲೊರಿಗೆ ಮೇಲಾಯಿತು. ಚಹದ ಮೇಲೆ ತೇಲುವ ಜಿಡ್ಡಿನ ತೆಳುಪದರವು ನೀರು ಆವಿಯಾಗುವುದನ್ನು ತಡೆಯುವುದರಿಂದ ಅದು ಬೇಗ ತಣಿಯುವುದೂ ಇಲ್ಲ. ಮೊದಲ ಗುಟುಕಿಗೆ ನಮ್ಮವರು ಮುಖ ಸಿಂಡರಿಸುತ್ತಾರೆ. ಚಹ ಎಂದುಕೊಳ್ಳದೆ ಸಾರು ಎಂದುಕೊಂಡು ಕುಡಿದರೆ ತೊಂದರೆಯಿಲ್ಲವೆಂದು ಕೇಳಿದ್ದೇನೆ. ಬಾರ್ಲಿಯಿಂದ ತೆಗೆದ ‘ಛಂಗ್’ ಎಂಬ ಮದ್ಯದ ಬೆಚ್ಚನೆ ಮಾತ್ರ ಮೋಸದ್ದು. ಮದ್ಯಸಾರವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಕ್ಕೆ ಹರಿಯಬಿಡುತ್ತದೆ. ಮೈ ಬೆಚ್ಚಗಾದಂತೆ ತೋರುವಾಗಲೇ ದೇಹ ತಣಿಯುತ್ತಿರುತ್ತದೆ.

ಶಿಷ್ಯನಿಗೆ ಎರಡು ಎಚ್ಚರಿಕೆಗಳನ್ನೂ ಬರೆದೆ. ಅಡುಗೆ ಅನಿಲದಲ್ಲಿರುವ ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರವೇ ದ್ರವವಾಗಿ ನಿಂತುಬಿಡುವುದರಿಂದ, ಕೊರೆಯುವ ಚಳಿಯಲ್ಲಿ ಸಿಲಿಂಡರು ತುಂಬಿದ್ದರೂ ಉರಿ ಕುಗ್ಗುತ್ತದೆ. ಹಾಗಾದಾಗ ಸಿಲಿಂಡರಿಗೆ ಬೆಂಕಿ ತೋರಿಸುವ ಸಾಹಸವನ್ನು ಎಂದಿಗೂ ಮಾಡಬಾರದು. ಎರಡನೆಯದು ಇದಕ್ಕಿಂತ ಮುಖ್ಯ. ಚಳಿಗೆ ಅಂಜಿ ಕಿಟಕಿ ಬಾಗಿಲುಗಳ ಸಂದುಗಳನ್ನೆಲ್ಲ ಬಿಗಿದು, ಕೋಣೆಯೊಳಗೆ ಕೆಂಡ ಇಟ್ಟುಕೊಂಡು ಮಲಗುವುದು ಪ್ರಾಣಾಂತಕ. ಸಾಕಷ್ಟು ಗಾಳಿ ದೊರೆಯದ ಕೆಂಡ ಕಾರ್ಬನ್ ಮಾನಾಕ್ಸೈಡನ್ನು ಹೊರಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ ಆಕ್ಸಿಜನ್ನಿಗಿಂತ ಇನ್ನೂರು ಪಟ್ಟು ಮೀರಿದ ಒಲವಿನಿಂದ ಅದನ್ನು ಹಿಡಿದುಕೊಳ್ಳುತ್ತದೆ. ಆಕ್ಸಿಜನ್ನಿಗೆ ಮೊದಲೇ ಕೊರತೆಯಿರುವ ಆ ಎತ್ತರದಲ್ಲಿ, ಮಲಗಿದವನು ಏಳದೇ ಹೋಗಬಹುದು. ಒಲೆಗೆ ಹೊರಕ್ಕೆ ಹೋಗುವ ಹೊಗೆಕೊಳವೆ ಇರಬೇಕು, ಕೋಣೆಗೆ ಒಂದು ಗಾಳಿಯ ಸಂದಿರಬೇಕು; ಅದರಿಂದ ಒಳಬರುವ ಚಳಿಯನ್ನು ಇನ್ನೊಂದು ಕಂಬಳಿ ಹೊದೆದು ಸಹಿಸಬೇಕು.

ಕುದಿಯುವ ನೀರಿನಲ್ಲಿ ಉಷ್ಣಮಾಪಕವನ್ನು ಅದ್ದಿ ನೋಡಿ ತಿಳಿಸೆಂದು ಪತ್ರದ ಕೊನೆಯಲ್ಲಿ ಕೇಳಿದ್ದೆ. ಉತ್ತರ ಬಂದಿದೆ: ಎಂಬತ್ತೆಂಟೂವರೆ ಡಿಗ್ರಿ. ಕುಕ್ಕರಿಗೆ ಹೊಸ ಉಂಗುರವೂ ಸಿಕ್ಕಿತಂತೆ. ಅಬಿ-ಲೇಯವರು ತೊಗರಿಬೇಳೆಯ ಸಾರಿನ ರುಚಿ ನೋಡಿ, ಚೆನ್ನಾಗಿದೆ, ಆದರೆ ಬೆಣ್ಣೆ ಸಾಲದು ಎಂದರಂತೆ.