ಉಕ್ತಲೇಖನದ ತಪ್ಪುಗಳೂ ಓದಿನ ಬೋಧನೆಯೂ

ಪ್ರಾಥಮಿಕ ಶಾಲೆಗಳಲ್ಲಿ ಉಕ್ತಲೇಖನವು ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಉಪಾಧ್ಯಾಯರು ಹತ್ತು ಪದಗಳನ್ನು ಹೇಳುತ್ತಾರೆ, ಮಕ್ಕಳು ಬರೆಯುತ್ತಾರೆ, ತಪ್ಪಾದ ಪದದ ಕೆಳಗೆ ಗೆರೆ ಬಿದ್ದು, ಅದನ್ನು ಹತ್ತು ಸಲ ತಿದ್ದಿ ಬರೆಯಬೇಕೆಂಬ ಅಪ್ಪಣೆಯಾಗುತ್ತದೆ. ಹತ್ತಕ್ಕೆ ನಾಲ್ಕು ಅಂಕ ಪಡೆದ ಇಬ್ಬರು ಬಾಲಕರು ಈ ಲೆಕ್ಕದಲ್ಲಿ ಸಮಾನರು. ಅವರ ತಪ್ಪುಗಳು ಒಂದೇ ಬಗೆಯವೇ, ಇಬ್ಬರಿಗೂ ಮುಂದೆ ಕಲಿಸಬೇಕಾದುದು ಒಂದೇ ಪಾಠವೇ ಎಂಬ ಪ್ರಶ್ನೆ ಮಾತ್ರ ಏಳುವುದೇ ಇಲ್ಲ. ಆ ಪ್ರಶ್ನೆಯ ವಿಚಾರವೇ ಈ ಲೇಖನದ ಉದ್ದೇಶ.

ಇಂಗ್ಲಿಷಿನಲ್ಲಿ ಈ ವಿಚಾರಕ್ಕೆ ಹೊಸ ಹಾದಿಯನ್ನು ತೆರೆದವರು ಚಾರ್ಲ್ಸ್ ರೀಡ್. ಶಾಲೆಗೆ ಸೇರುವ ಮುನ್ನವೇ ತಮ್ಮಷ್ಟಕ್ಕೆ ತಾವೇ ಬರೆಯತೊಡಗಿದ ಮಕ್ಕಳ ಬರಹವನ್ನು ಪರಿಶೀಲಿಸಿ, 1971ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ, ಈ ತಪ್ಪುಗಳು ಮನಬಂದಂತೆ ಆದವುಗಳಲ್ಲವೆಂದು ತೋರಿಸಿದರು. ‘ಟ್ರೇನ್’ ಎಂಬ ಪದದ ಆರಂಭವನ್ನು ‘ಟಿ ಆರ್’ ಎನ್ನುವ ಬದಲು ‘ಸಿ ಎಚ್ ಆರ್’ ಎಂದು ಬರೆದ ಮಗು, ರಕಾರದ ಮುಂದೆ ಟಕಾರವು ಉಚ್ಚಾರಣೆಯಲ್ಲಿ ಚಕಾರದ ಸಮೀಪಕ್ಕೆ ಸರಿಯುವುದನ್ನು ಕಿವಿಯಿಂದಲೇ ಕಂಡುಕೊಂಡಿರುತ್ತದೆ. ವರ್ಜೀನಿಯಾ ವಿಶ್ವವಿದ್ಯಾನಿಲಯದ ಎಡ್ಮಂಡ್ ಹೆಂಡರ್ಸನ್ ಮತ್ತು ಅವರ ಶಿಷ್ಯವರ್ಗದವರು ಇಂತಹ ತಪ್ಪುಗಳಿಂದ ಮಗುವಿನ ಕಲಿಕೆಯ ಹಂತವನ್ನು ನಿರ್ಣಯಿಸುವ ಕ್ರಮವನ್ನು ಬೆಳೆಸಿದರು. 1996ರಲ್ಲಿ ಮೊದಲು ಅಚ್ಚಾದ ‘ವರ್ಡ್ಸ್ ದೇರ್ ವೇ’ ಎಂಬ ಕೈಪಿಡಿಯ ಮೂಲಕ ಈ ಕ್ರಮವು ಉಪಾಧ್ಯಾಯರಲ್ಲಿ ವಿಶೇಷವಾಗಿ ಪ್ರಚಾರಕ್ಕೆ ಬಂದಿತು. ಪದವು ಸರಿಯೋ ತಪ್ಪೋ ಎಂದಷ್ಟೇ ನೋಡದೆ, ಪದದೊಳಗಣ ಒಂದೊಂದು ಲಕ್ಷಣಕ್ಕೂ ಪ್ರತ್ಯೇಕವಾಗಿ ಗುರುತು ಹಾಕುವುದು ಈ ಕ್ರಮದ ಜೀವಾಳ.

ಕನ್ನಡದಲ್ಲಿ ನುಡಿದಂತೆ ಬರೆಯುತ್ತೇವಾದ್ದರಿಂದ ಇದೆಲ್ಲ ನಮಗೆ ಅನಾವಶ್ಯಕವೆನ್ನುವವರುಂಟು. ನಮ್ಮ ಲಿಪಿ ಇಂಗ್ಲಿಷಿಗಿಂತ ಎಷ್ಟೋ ಕ್ರಮಬದ್ಧವಾದುದು ನಿಜ. ಆದರೆ ವ್ಯಂಜನಗಳು, ಅವುಗಳ ಗುಣಿತ, ಅದರ ಮೇಲೆ ಒತ್ತಕ್ಷರಗಳು ಸೇರಿದಾಗ ಮಗು ಪರಿಚಯ ಮಾಡಿಕೊಳ್ಳಬೇಕಾದ ರೂಪಗಳು ನೂರಾರು. ಸೋನಾಲಿ ನಾಗ್ ಅವರು ಕನ್ನಡ ಮಕ್ಕಳನ್ನು ಕುರಿತು 2007ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದಲೂ ಅಕ್ಷರಜ್ಞಾನದ ಸಂಪಾದನೆ ಒಂದೆರಡು ವರ್ಷಗಳಲ್ಲಿ ಮುಗಿಯುವ ಕೆಲಸವಲ್ಲವೆಂಬುದು ಸ್ಪಷ್ಟಪಟ್ಟಿದೆ.

‘ಕತ್ತೆ’ ಎಂಬ ಪದವನ್ನು ತೆಗೆದುಕೊಳ್ಳೋಣ. ಒಬ್ಬ ಬಾಲಕನು ‘ಕತೆ’ ಎಂದು ಬರೆಯುತ್ತಾನೆ; ಇನ್ನೊಬ್ಬನು ‘ಕತತೆ’ ಎಂದು ಬರೆಯುತ್ತಾನೆ. ಎರಡನೆಯದು ನೋಡುವುದಕ್ಕೆ ಹೆಚ್ಚು ವಿಕಾರವಾಗಿದೆ. ವಾಸ್ತವವಾಗಿ ಮುಂದುವರಿದವನು ಅವನೇ. ತಕಾರವು ಇಮ್ಮಡಿಯಾಗಿರುವುದನ್ನು ಅವನ ಕಿವಿ ಹಿಡಿದಿದೆ. ಅದನ್ನು ಕೆಳಗೆ ಒತ್ತಾಗಿ ಬರೆಯಬೇಕೆಂಬ ಲಿಪಿಯ ಸಂಪ್ರದಾಯವೊಂದೇ ಅವನಿಗೆ ತಿಳಿಯದು. ಅವನಿಗೆ ಒತ್ತಿನ ರೂಪವನ್ನು ತೋರಿಸಿ ಬರೆಯಿಸಿದರೆ ಸಾಕು. ಮೊದಲನೆಯವನು ದ್ವಿತ್ವವನ್ನು ಕೇಳಲಿಲ್ಲವೋ, ಕೇಳಿಯೂ ಬರೆಯುವ ಬಗೆ ತೋರದೆ ಬಿಟ್ಟನೋ ಎಂಬುದನ್ನು ಮೊದಲು ನಿರ್ಧರಿಸಬೇಕು. ‘ಕತೆ, ಕತ್ತೆ’, ‘ಹಳೆ, ಹಳ್ಳ’ ಮುಂತಾದ ಪದಗಳನ್ನು ಬಾಯಲ್ಲಿ ಹೇಳಿ ಭೇದವನ್ನು ಗುರುತಿಸೆಂದರೆ ಅದು ತಿಳಿಯುತ್ತದೆ. ಹತ್ತು ಸಲದ ತಿದ್ದುಬರಹ ಇಬ್ಬರಿಗೂ ಕೊಡುವುದು ಕೈನೋವನ್ನೇ.

ಒತ್ತುಗಳಲ್ಲಿಯೂ ತಾರತಮ್ಯವುಂಟು. ಕಕಾರದ ಒತ್ತು ಮೂಲಾಕ್ಷರವನ್ನೇ ಹೋಲುತ್ತದೆ. ತ, ನ, ಮ, ಯ, ರ, ಲಗಳ ಒತ್ತುಗಳು ಹೋಲುವುದಿಲ್ಲ. ‘ಅಕ್ಕ’ ಬರೆಯಬಲ್ಲ ಮಗು ‘ಅಮ್ಮ’ ಎಂಬಲ್ಲಿ ತಡವರಿಸಿದರೆ ಆಶ್ಚರ್ಯವಿಲ್ಲ. ಎಲ್ಲಕ್ಕಿಂತ ಕುತೂಹಲಕರವಾದುದು ಅರ್ಕಾವೊತ್ತು. ‘ಸೂರ್ಯ’ ಎಂಬಲ್ಲಿ ಕಿವಿಗೆ ರಕಾರವು ಮೊದಲು, ಯಕಾರವು ಅನಂತರ. ಬರಹದಲ್ಲಾದರೋ ಯಕಾರವು ಮೊದಲು, ರಕಾರದ ಚಿಹ್ನೆ ಅದರ ಬಲಕ್ಕೆ. ರಕಾರದ ಕೆಳಗೆ ಯ ಒತ್ತನ್ನಿಟ್ಟು ಬರೆದ ಮಗುವಿಗೆ ಧ್ವನಿವಿಭಜನೆ ಚೆನ್ನಾಗಿ ಬರುತ್ತದೆಂದೇ ತಿಳಿಯಬೇಕು. ‘ರ‍್ಯಾಂಕ್’ ಎಂಬ ಅನ್ಯದೇಶ್ಯದಲ್ಲಿ ನಾವೇ ಆ ರೂಪವನ್ನು ಬಳಸುತ್ತೇವಲ್ಲವೆ?

ಇವುಗಳಿಂದ ಬೇರೆಯಾಗಿ ಪರಿಗಣಿಸಬೇಕಾದವು ಆಡುಮಾತಿನಿಂದ ಬರುವ ತಪ್ಪುಗಳು. ಮನೆಯಲ್ಲಿ ‘ಹಾಲ’ನ್ನು ‘ಆಲು’ ಎನ್ನುವ ಮಗು ಶಾಲೆಯಲ್ಲಿ ‘ಹಕ್ಕಿ’ಯನ್ನು ‘ಅಕ್ಕಿ’ ಎಂದು ಬರೆದರೆ, ತಾನಾಡುವ ಧ್ವನಿಯನ್ನು ನಿಷ್ಠೆಯಿಂದ ಬರೆದಿರುತ್ತದೆ. ಒತ್ತಕ್ಷರವನ್ನಂತೂ ನಿರ್ದುಷ್ಟವಾಗಿ ಬರೆದಿರುತ್ತದೆ. ‘ಭೂಮಿ’ಯು ‘ಬೂಮಿ’ಯಾಗುವುದೂ ಇದೇ ಜಾತಿಯದು, ಮಹಾಪ್ರಾಣವನ್ನು ದಿನದ ಮಾತಿನಲ್ಲಿ ಸ್ಪಷ್ಟವಾಗಿ ಉಚ್ಚರಿಸುವವರು ನಮ್ಮಲ್ಲಿ ಎಷ್ಟು ಮಂದಿ? ಇಂತಹ ಮಗುವನ್ನು ಮಂದಮತಿಯೆಂದೆಣಿಸಿ ಮತ್ತೆ ವರ್ಣಮಾಲೆಗೆ ತಳ್ಳುವುದು ಅನ್ಯಾಯ. ಅದೇ ಮಗು ಕೆಲವು ತಿಂಗಳ ತರುವಾಯ ‘ಅಕ್ಕ’ ಎಂಬುದನ್ನು ‘ಹಕ್ಕ’ ಎಂದು ಬರೆಯತೊಡಗಿದರೆ ಗಾಬರಿಪಡಬೇಕಾಗಿಲ್ಲ. ಬರಹದಲ್ಲಿ ಹಕಾರವೊಂದಿದೆಯೆಂದು ಅದಕ್ಕೆ ತಿಳಿದಿದೆ, ಎಲ್ಲಿ ಎಂಬುದು ಇನ್ನೂ ತಿಳಿಯದು. ಇಲ್ಲಿ ಧ್ವನಿಯ ಅಭ್ಯಾಸದಿಂದ ಪ್ರಯೋಜನ ಕಡಮೆ. ಹಕಾರದ ಪದಗಳನ್ನು ಅರ್ಥದೊಡನೆ ಗುಂಪುಗೂಡಿಸಿ ಮೇಲಿಂದ ಮೇಲೆ ಓದಿಸುವುದೇ ದಾರಿ.

ಪರೀಕ್ಷೆಯನ್ನು ಏರ್ಪಡಿಸುವುದು ಕಷ್ಟವಲ್ಲ. ‘ಮರ’, ‘ಕಾಗೆ’, ‘ಕೋಳಿ’, ‘ಮಂಗ’, ‘ಕತ್ತೆ’, ‘ಅಮ್ಮ’, ‘ಪುಸ್ತಕ’, ‘ಚಕ್ರ’, ‘ಸೂರ್ಯ’ ಎಂಬಂತೆ ಸರಳದಿಂದ ಕ್ಲಿಷ್ಟಕ್ಕೆ ಏರುವ ಸುಮಾರು ಇಪ್ಪತ್ತೈದು ಪದಗಳಿರಲಿ. ಒಂದೊಂದು ಲಕ್ಷಣವೂ ಎರಡು ಮೂರು ಪದಗಳಲ್ಲಾದರೂ ಬರಲಿ. ಒಂದೇ ತಪ್ಪು ಕೈತಪ್ಪಿ ಆದುದಾಗಿರಬಹುದು. ಪದಗಳು ಮಗುವಿಗೆ ಅರ್ಥವಾಗುವಂಥವಾಗಿರಬೇಕು, ಆದರೆ ಹಿಂದಿನ ದಿನದ ಪಾಠದಿಂದ ಆರಿಸಿದವಾಗಿರಬಾರದು. ಹಾಗಾದರೆ ಪರೀಕ್ಷೆಗೊಳಗಾಗುವುದು ಬಾಯಿಪಾಠ. ಪ್ರತಿಯೊಂದು ಪದವನ್ನೂ ವಾಕ್ಯದಲ್ಲಿ ಸೇರಿಸಿ ಒಮ್ಮೆ ಹೇಳಬೇಕು. ಉಪಾಧ್ಯಾಯರು ‘ಕ-ತ್-ತೆ’ ಎಂದು ಬಿಡಿಸಿ ಉಚ್ಚರಿಸಿದರೆ, ಮಗು ಮಾಡಬೇಕಾದ ಧ್ವನಿವಿಭಜನೆಯನ್ನು ತಾವೇ ಮಾಡಿಕೊಟ್ಟಂತಾಗುತ್ತದೆ. ಈ ದೋಷ ನಮ್ಮ ತರಗತಿಗಳಲ್ಲಿ ಸಾಮಾನ್ಯ. ಮಕ್ಕಳ ಹೆಸರುಗಳನ್ನು ಒಂದು ಪಕ್ಕದಲ್ಲೂ ದೀರ್ಘ, ಅನುಸ್ವಾರ, ಸಜಾತೀಯ ಒತ್ತು, ವಿಜಾತೀಯ ಒತ್ತು, ಅರ್ಕಾವೊತ್ತು, ಮಹಾಪ್ರಾಣ, ಹಕಾರ ಎಂಬಿವನ್ನು ಮೇಲ್ಗಡೆಯೂ ಬರೆದು ಪಟ್ಟಿ ತುಂಬಿದರೆ, ಯಾರನ್ನು ಯಾರೊಡನೆ ಕೂರಿಸಿ ಯಾವ ಪಾಠ ಹೇಳಬೇಕೆಂಬುದು ಒಂದೇ ನೋಟಕ್ಕೆ ಕಾಣುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಅಕ್ಷರವನ್ನು ಕಂಡು ಗುರುತಿಸುವುದಕ್ಕಿಂತ ನೆನಪಿನಿಂದ ಬರೆಯುವುದು ಕಷ್ಟ. ಆದ್ದರಿಂದ ‘ಚಕ್ರ’ವನ್ನು ತಪ್ಪಾಗಿ ಬರೆದವನು ಅದನ್ನು ಓದಲಾರನೆಂದು ತೀರ್ಮಾನಿಸುವಂತಿಲ್ಲ; ಓದಿಸಿ ನೋಡಬೇಕು. ಕೆಲವು ವಾರಗಳ ಬೋಧನೆಯ ಬಳಿಕ ಪರೀಕ್ಷೆಯನ್ನು ಪುನಃ ನಡೆಸುವಾಗ ಅದೇ ಲಕ್ಷಣಗಳುಳ್ಳ ಬೇರೆ ಪದಗಳನ್ನು ಕೊಡತಕ್ಕದ್ದು. ‘ಹತ್ತಿ’, ‘ಸುತ್ತಿಗೆ’ಗಳನ್ನು ತಾನಾಗಿ ಸರಿಯಾಗಿ ಬರೆದ ಮಗುವಿಗೆ ತಕಾರದ ಒತ್ತು ಬಂದಿದೆ, ‘ಕತ್ತೆ’ಯೊಂದನ್ನೇ ಸರಿಯಾಗಿ ಬರೆದ ಮಗುವಿಗೆ ಬಂದಿರುವುದು ‘ಕತ್ತೆ’ ಮಾತ್ರ.