ಸೂಜಿಗಲ್ಲಿನಂಥ ಆಸ್ಪತ್ರೆಗಳು

ವೈದ್ಯರು ರೋಗಿಯ ಬಳಿ ಇರುವುದು ಕೆಲವೇ ನಿಮಿಷ. ದಾದಿಯರು ಇರುವುದು ಹಗಲಿರುಳು. ಉಸಿರಾಟದ ಗತಿ ತಪ್ಪಿದುದನ್ನೂ ಗಾಯದ ಬಣ್ಣ ಬದಲಾದುದನ್ನೂ ಮೊದಲು ಕಾಣುವ ಕಣ್ಣು ಅವರದು. ಆದರೆ ರಾತ್ರಿಯ ಪಾಳಿ ಯಾರದು, ಯಾವ ಉಪಕರಣವನ್ನು ಕೊಳ್ಳಬೇಕು ಎಂಬ ವಿಷಯಗಳಲ್ಲಿ ಅವರ ಮಾತು ಬಹುಕಾಲ ನಡೆಯುತ್ತಿರಲಿಲ್ಲ.

1980ರ ಸುಮಾರಿಗೆ ಅಮೆರಿಕದ ಆಸ್ಪತ್ರೆಗಳಲ್ಲಿ ದಾದಿಯರ ಅಭಾವ ತಲೆದೋರಿತ್ತು. ಒಬ್ಬರು ಬಿಟ್ಟುಹೋದರೆ ಅವರ ಹೊರೆ ಉಳಿದವರ ಮೇಲೆ ಬೀಳುವುದು. ಬೇಸತ್ತು ಇನ್ನೊಬ್ಬರು ಹೊರಡುವರು. ಸರಪಳಿ ಕ್ರಿಯೆಯನ್ನು ಕುರಿತು ಓದಿದ ವಿದ್ಯಾರ್ಥಿಗಳಿಗೆ ಇದು ಹೊಸದೆನಿಸದು. ಹೊಸಬರನ್ನು ನೇಮಿಸಿದರೂ ಅವರು ವಾರ್ಡಿನ ರೀತಿನೀತಿಗಳನ್ನು ಕಲಿಯಲು ತಿಂಗಳುಗಳೇ ಹಿಡಿಯುವುವು. ದಾದಿಯರು ಏಕೆ ಬಿಡುತ್ತಾರೆ ಎಂಬ ಪ್ರಶ್ನೆಯನ್ನು ‘ಅಮೆರಿಕನ್ ಅಕಾಡೆಮಿ ಆಫ್ ನರ್ಸಿಂಗ್’ ಸಂಸ್ಥೆಯು ತಿರುಗುಮುರುಗಾಗಿಸಿತು: ಕೆಲವು ಆಸ್ಪತ್ರೆಗಳಲ್ಲಿ ಅವರು ಏಕೆ ಉಳಿಯುತ್ತಾರೆ? ಅಂಥ 41 ಆಸ್ಪತ್ರೆಗಳನ್ನು ಆರಿಸಿ, ಅಲ್ಲಿನ ದಾದಿಯರನ್ನೂ ಅವರ ಮುಖ್ಯಸ್ಥರನ್ನೂ ವಿಚಾರಿಸಿ, 1983ರಲ್ಲಿ ವರದಿಯನ್ನು ಪ್ರಕಟಿಸಿತು. ಕಬ್ಬಿಣವನ್ನು ಸೆಳೆದು ಹಿಡಿದಿಡುವ ಸೂಜಿಗಲ್ಲಿನ ಹೆಸರೇ ಅವಕ್ಕೆ ಬಂದಿತು.

ಸಂಬಳವೊಂದೇ ಅಲ್ಲಿ ದಾದಿಯರನ್ನು ಕಟ್ಟಿಹಾಕಿರಲಿಲ್ಲ. ಸಾಕಷ್ಟು ಸಿಬ್ಬಂದಿಯಿತ್ತು, ಪಾಳಿಗಳು ಅನುಕೂಲವಾಗಿದ್ದವು. ಎಲ್ಲಕ್ಕೂ ಮಿಗಿಲಾಗಿ, ನಮ್ಮ ದೃಷ್ಟಿಯಲ್ಲಿ, ನಿರ್ಧಾರಗಳಲ್ಲಿ ಅವರಿಗೂ ಪಾಲಿತ್ತು. ಇಂಥ ಪಾಲುಗಾರಿಕೆ ಅನೇಕ ಕಡೆ ಮಂಡಲಿಯ ರೂಪ ತಾಳಿದೆ. ವಾರ್ಡಿನ ದಾದಿಯರು ತಮ್ಮಲ್ಲೇ ಕೆಲವರನ್ನು ಆರಿಸಿಕೊಳ್ಳುವರು. ರೋಗಿಗಳು ಹಾಸಿಗೆಯಿಂದ ಬೀಳುವುದು ಹೆಚ್ಚಿತೆನ್ನೋಣ. ಮಂಡಲಿಯು ದಾಖಲೆಗಳನ್ನು ತೆಗೆದು ನೋಡುವುದು: ಯಾವ ವೇಳೆಯಲ್ಲಿ ಬಿದ್ದರು? ಪಾಳಿ ಬದಲಾಗುವಾಗಲೇ? ಹಾಗಿದ್ದರೆ ಕೆಲಸ ಒಪ್ಪಿಸುವ ಕ್ರಮವನ್ನು ತಾವೇ ಮಾರ್ಪಡಿಸಿ, ಕೆಲವು ವಾರಗಳ ಮೇಲೆ ಫಲವನ್ನು ಅಳೆಯುವರು. ಪ್ರಯೋಗಶಾಲೆಯ ವಿಧಾನವೂ ಇದೇ ಅಲ್ಲವೆ?

ದಾದಿಯರು ಉಳಿದರೆ ರೋಗಿಗಳಿಗೇನು ಲಾಭ? 1994ರಲ್ಲಿ ಲಿಂಡಾ ಐಕೆನ್ ಮತ್ತು ಅವರ ಸಹೋದ್ಯೋಗಿಗಳು ಇಂಥ 39 ಆಸ್ಪತ್ರೆಗಳನ್ನು ಅವನ್ನು ಹೋಲುವ ಬೇರೆ 195 ಆಸ್ಪತ್ರೆಗಳೊಡನೆ ತೂಗಿ ನೋಡಿದರು. ಮೊದಲಿನವುಗಳಲ್ಲಿ ವೃದ್ಧ ರೋಗಿಗಳ ಮರಣದ ಪ್ರಮಾಣ, ರೋಗದ ತೀವ್ರತೆಯ ವ್ಯತ್ಯಾಸವನ್ನು ಸರಿದೂಗಿಸಿದ ಮೇಲೂ, ನೂರಕ್ಕೆ 4.6ರಷ್ಟು ಕಡಿಮೆಯಿತ್ತು.

ಇಲ್ಲಿ ನಾವು ಅವಸರದಿಂದ ತೀರ್ಮಾನಕ್ಕೆ ಬರುವಂತಿಲ್ಲ. ಆ ಆಸ್ಪತ್ರೆಗಳಲ್ಲಿ ಒಳ್ಳೆಯ ಗುಣಗಳು ಹಲವಿದ್ದವು. ನಿರ್ಧಾರದ ಪಾಲೊಂದರಿಂದಲೇ ಇಷ್ಟಾಯಿತೆಂದು ಬೇರ್ಪಡಿಸಿ ಹೇಳುವುದು ಕಠಿಣ. ಅಲ್ಲದೆ ಹೆಸರಿಗೆ ಮಾತ್ರ ಇರುವ ಮಂಡಲಿಗಳೂ ಉಂಟು. ಸಭೆಗೆ ಕೆಲಸದ ವೇಳೆಯಲ್ಲಿ ಬಿಡುವು ಕೊಡದೆ, ಆದ ನಿರ್ಣಯವನ್ನು ಮೇಲಿನವರು ಮೂಲೆಗೆ ತಳ್ಳಿದರೆ, ದಣಿದವರಿಗೆ ಅದು ಮತ್ತೊಂದು ಹೊರೆ. ಅಂಥದು ಇಲ್ಲದಿರುವುದೇ ಲೇಸು.

ವಿಷಯವನ್ನು ಒರೆಗೆ ಹಚ್ಚಲು 2020ರಲ್ಲಿ ಯೂರೋಪಿನ 6 ದೇಶಗಳಲ್ಲಿ ಒಂದು ದೊಡ್ಡ ಪ್ರಯೋಗ ಆರಂಭವಾಯಿತು. 60ಕ್ಕೂ ಹೆಚ್ಚು ಆಸ್ಪತ್ರೆಗಳು, ಒಂದೊಂದೂ ಅಮೆರಿಕದ ಒಂದು ಸೂಜಿಗಲ್ಲು ಆಸ್ಪತ್ರೆಯ ಜೊತೆಗೂಡಿ, ಅದರ ಪದ್ಧತಿಯನ್ನು ತಮ್ಮ ವಾರ್ಡುಗಳಲ್ಲಿ ನಡೆಸಿ ನೋಡಲು ಕೈಹಾಕಿದವು.