ಒಂದೇ ಅಂಗಾಂಶದಲ್ಲಿ ಬಹುಪ್ರೋಟೀನುಗಳ ದರ್ಶನ

ಅಂಗಾಂಶವನ್ನು ಅರೆದು ಪರೀಕ್ಷಿಸಿದರೆ ಅದರಲ್ಲಿ ಯಾವ ಯಾವ ಪ್ರೋಟೀನುಗಳಿವೆಯೆಂದು ತಿಳಿಯಬಹುದಲ್ಲದೆ ಯಾವುದು ಯಾವ ಜೀವಕೋಶದಲ್ಲಿದೆಯೆಂದು ತಿಳಿಯಲಾಗದು. ನೈಯಾಯಿಕರ ಮಾತಿನಲ್ಲಿ, ಸತ್ತೆಯು ಸಿದ್ಧಿಸಿತು, ಸಾಮಾನಾಧಿಕರಣ್ಯವು ಸಿದ್ಧಿಸಲಿಲ್ಲ. ಅರ್ಬುದರೋಗದಲ್ಲಿ ಇದು ಬರಿಯ ತರ್ಕವಲ್ಲ. ಸಿಡಿ3, ಸಿಡಿ8 ಎಂಬೆರಡು ಪ್ರೋಟೀನುಗಳು ಒಂದೇ ಕೋಶದಲ್ಲಿ ಕೂಡಿದ್ದರೆ ಅದು ಸಾಮಾನ್ಯವಾಗಿ ರೋಗಗ್ರಸ್ತ ಕೋಶಗಳನ್ನು ಕೊಲ್ಲತಕ್ಕ ಟಿ-ಕೋಶ. ಅದು ಗಡ್ಡೆಯೊಳಗೆ ಹೊಕ್ಕಿದೆಯೋ ಅಂಚಿನಲ್ಲಿಯೇ ನಿಂತಿದೆಯೋ ಎಂಬುದರಿಂದ ರೋಗದ ಗತಿಯನ್ನು ಊಹಿಸುವುದುಂಟು.

ಇದಕ್ಕೆ ಸಾಧನವು ಪ್ರತಿಕಾಯ. ಅದು ತನಗೆ ನಿಯತವಾದ ಪ್ರೋಟೀನನ್ನು ಹಿಡಿಯುವುದು. 1941ರಲ್ಲಿ ಅಮೆರಿಕದ ಆಲ್ಬರ್ಟ್ ಕೂನ್ಸರೂ ಅವರ ಸಂಗಡಿಗರೂ ಅದಕ್ಕೆ ಹೊಳೆಯುವ ಬಣ್ಣವನ್ನು ಅಂಟಿಸಿದರು. ಆದರೆ ಬಣ್ಣಗಳ ಪ್ರಭೆಗಳು ಪರಸ್ಪರ ಬೆರೆಯುವುದರಿಂದ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ನಾಲ್ಕೈದಕ್ಕಿಂತ ಹೆಚ್ಚನ್ನು ವಿಂಗಡಿಸುವುದು ಕಷ್ಟ. ರೋಗಿಯ ದೇಹದಿಂದ ತೆಗೆದ ಚೂರೋ ಬಲು ಸಣ್ಣದು.

ಆದಕಾರಣ ಯುಗಪತ್ತಾಗಿ ಆಗದುದನ್ನು ಕ್ರಮದಿಂದ ಸಾಧಿಸಿದರು. ಕೆಲವು ಬಣ್ಣಗಳನ್ನು ಹಚ್ಚಿ ಚಿತ್ರ ತೆಗೆದು, ಆ ಪ್ರಭೆಯನ್ನು ಅಳಿಸಿ, ಅದೇ ಚೂರಿಗೆ ಬೇರೆ ಕೆಲವನ್ನು ಹಚ್ಚುವುದು; ಪ್ರತಿಸಲವೂ ಕಾಣುವ ಕೋಶಕೇಂದ್ರಗಳ ಗುರುತಿನಿಂದ ಚಿತ್ರಗಳನ್ನು ಒಂದರಮೇಲೊಂದು ಕೂಡಿಸುವುದು. 2018ರಲ್ಲಿ ಸ್ಟ್ಯಾನ್‌ಫರ್ಡಿನವರು ಪ್ರಕಟಿಸಿದ ಕೋಡೆಕ್ಸ್ ಕ್ರಮದಲ್ಲಿ ಪ್ರತಿಕಾಯಗಳನ್ನೆಲ್ಲ ಮೊದಲೇ ಹಚ್ಚಿ, ಅವಕ್ಕಂಟಿಸಿದ ಡಿ.ಎನ್.ಎ. ಎಳೆಗಳನ್ನು ಸರದಿಯಂತೆ ಬೆಳಗಿಸುವರು. ಪ್ರತಿಕಾಯವು ಅನ್ಯವನ್ನು ಹಿಡಿದರೆ ಮಾತ್ರ ಚಿತ್ರವೆಷ್ಟು ರಮ್ಯವಾದರೂ ಅಪ್ರಮಾಣವೇ. ಆ ಪ್ರೋಟೀನಿಲ್ಲದ ಅಂಗಾಂಶದಲ್ಲಿ ಅದು ಹೊಳೆಯದೆಂಬ ವ್ಯತಿರೇಕವನ್ನೂ ಮೊದಲು ಪರೀಕ್ಷಿಸತಕ್ಕದ್ದು.